ಉಕ್ತಲೇಖನ

ಸೋಮವಾರ ಮೊದಲ ಗಂಟೆ ಉಕ್ತಲೇಖನ.
ಕಿಟಕಿಯಾಚೆ ಕೊಲ್ಲಿಯಲ್ಲಿ
ಮೂತಿಗೆ ಕಣ್ಣು ಬರೆಸಿಕೊಂಡ ದೋಣಿಗಳು
ತಡವಾಗಿ ಬಂದ ಹುಡುಗರ ಹಾಗೆ ಒಳಗೆ ಇಣುಕುತ್ತವೆ.
ನಾನು ಹೇಳುತ್ತೇನೆ, ಅವರು ಬರೆಯುತ್ತಾರೆ:
ಬಾಗಿಲು, ಸಮುದ್ರ, ರೊಟ್ಟಿ, ಜೇನು.
ಜೇನಿಗೆ ಬಂದಾಗ ಅರ್ಧ ತರಗತಿ ಜಾರುತ್ತದೆ.

ಜೇನಿಗೆ ನಾವು ಆಸೆಲ್ ಅನ್ನುತ್ತೇವೆ.
ಅದರ ಮೊದಲಿಗೆ ಒಂದು ಅಕ್ಷರವಿದೆ, ಸದ್ದಿಲ್ಲ.
ಬರೆಯಬೇಕು, ಆಡುವಂತಿಲ್ಲ;
ತೀರಿಹೋದ ಹಿರಿಯರಿಗೆಂದು ಊಟದ ಮೇಜಿನಲ್ಲಿ
ಒಂದು ಕುರ್ಚಿ ಬಿಟ್ಟ ಹಾಗೆ.
ಅಕ್ಷರದ ಹೆಸರು ಆಯ್ನ್. ಆಯ್ನ್ ಅಂದರೆ ಕಣ್ಣು.
ಬಾವಿಯ ತಳದಲ್ಲಿ ನೀರು ಜಿನುಗುವ ಕಣ್ಣೂ ಅದೇ.
ಇಪ್ಪತ್ತೆರಡು ವರ್ಷ, ಕೆಂಪು ಶಾಯಿಯಲ್ಲಿ,
ಈ ಮುಚ್ಚಿದ ಕಣ್ಣನ್ನು ತಿದ್ದಿದ್ದೇನೆ.

"ಮಿಸ್, ನಾವು ಯಾಕೆ ಮಾಲ್ಟೀಸ್?"
ಕೇಳಿದವನು ಜ್ವಾಕಿನ್; ಉಕ್ತಲೇಖನ ತಪ್ಪಿಸಲು
ಅವನು ಏನು ಬೇಕಾದರೂ ಕೇಳುತ್ತಾನೆ.
"ನಮ್ಮಜ್ಜಿಯ ನಾಯಿಯೂ ಮಾಲ್ಟೀಸ್,
ಹುಟ್ಟಿದ್ದು ಮಾತ್ರ ಹಂಗರಿಯಲ್ಲಿ."
ತರಗತಿ ನಕ್ಕಿತು. ನಾನೂ.
ಆ ಬಿಳಿ ಉಣ್ಣೆಯುಂಡೆಯ ಹೆಸರು
ಉತ್ತರದ ಇನ್ನೊಂದು ದ್ವೀಪದ್ದು ಅನ್ನುವವರಿದ್ದಾರೆ,
ಅದಕ್ಕೂ ಒಂದು ಕಾಲಕ್ಕೆ ನಮ್ಮದೇ ಹೆಸರಿತ್ತಂತೆ.
ಎಂಟು ಮೊನೆಯ ಶಿಲುಬೆ ಹೊತ್ತು ತಂದವರು ಹೊರಗಿನವರು.
ಆಡಿನ ಹಾಲಿನ ಜ್ವರಕ್ಕೆ ಮಾಲ್ಟಾ ಜ್ವರವೆಂದು
ಹೆಸರಿಟ್ಟವರೂ ಹೊರಗಿನವರು,
ಚಾಪೆ ಹಿಡಿದವರಷ್ಟೇ ನಮ್ಮವರು.

ಬೋರ್ಡಿನ ಮೇಲೆ ಎರಡು ಉತ್ತರ ಬರೆದೆ.
ಗ್ರೀಕರ ಬಾಯಲ್ಲಿ ಮೆಲಿ ಅಂದರೆ ಜೇನು,
ಅದರಿಂದ ಮೆಲಿಟೆ, ಅದರಿಂದ ನಾವು.
ಅಲ್ಲ, ಅವರಿಗಿಂತ ಮೊದಲೇ ಫಿನೀಷಿಯದ ನಾವಿಕರು
ಬಿರುಗಾಳಿಗೆ ಬೆನ್ನು ಕೊಟ್ಟು, ಲಂಗರು ಇಳಿಸಿ,
ಮಾಲೆತ್ ಎಂದು ಉಸಿರು ಬಿಟ್ಟರು: ಆಸರೆ.
ಎರಡರ ಮುಂದೆಯೂ ಪ್ರಶ್ನೆಯ ಚಿಹ್ನೆ ಹಾಕಿದೆ.
ಪಂಡಿತರ ಜಗಳ ಮುಗಿದಿಲ್ಲ,
ಸೀಮೆಸುಣ್ಣ ಸವೆಯುವುದು ನಮ್ಮದು.

ನಮ್ಮಪ್ಪ ವಿಸ್ಟಿನ್ ಜೇನಿನ ಕಡೆಯವನು.
ಶೆಮ್ಶಿಯಾ ಗುಡ್ಡದಲ್ಲಿ, ಬಂಡೆ ಕೊರೆದ ಹಳೆಯ ಗೂಡುಗಳ ಪಕ್ಕ
ಅವನ ಹದಿನಾಲ್ಕು ಪೆಟ್ಟಿಗೆ.
ಥೈಮ್ ಹೂ ಬಿಡುವಾಗ ಅವನ ಅಂಗಿಗೂ ನೊಣ ಮುತ್ತುತ್ತಿತ್ತು.
"ಬೇರು ಅಗೆದು ಅಗೆದು ನೋಡಿದರೆ
ಗಿಡ ಬದುಕುತ್ತದೇನೇ?" ಅನ್ನುತ್ತಿದ್ದ.
ಅಮ್ಮ ಹುಟ್ಟಿದ್ದು ಬಾಂಬು ಬೀಳುತ್ತಿದ್ದ ರಾತ್ರಿ,
ಸುಣ್ಣಕಲ್ಲಿನ ಸುರಂಗದಲ್ಲಿ, ಮೊಂಬತ್ತಿಯ ಬೆಳಕಿಗೆ.
ಅವಳು ವಾದಕ್ಕೇ ಬರಲಿಲ್ಲ.

ಹಿಂದಿನ ಬೆಂಚಿನಲ್ಲಿ ಹೊಸ ಹುಡುಗ.
ಟ್ರಿಪೋಲಿಯಿಂದ ಬಂದು ಏಳು ವಾರ,
ತುಟಿ ಪಿಟಕ್ಕೆಂದಿರಲಿಲ್ಲ.
ಹಾಜರಿಯಲ್ಲಿ ಹೆಸರು ಮುಫ್ತಾಹ್.
ನಮ್ಮಲ್ಲೂ ಕೀಲಿಕೈಗೆ ಹೆಚ್ಚುಕಡಿಮೆ ಅದೇ ಮಾತು;
ದಿನಾ ಕೂಗಿದ್ದೇನೆ, ನನ್ನ ಕಿವಿಗೇ ಬಿದ್ದಿರಲಿಲ್ಲ.

ಅವನ ಪುಸ್ತಕ ಎತ್ತಿಕೊಂಡೆ.
ಸಮುದ್ರ ತಪ್ಪು, ರೊಟ್ಟಿ ತಪ್ಪು,
ಜೇನು ಮಾತ್ರ ಸರಿ, ಆ ಅಕ್ಷರ ಸಮೇತ.
"ಓದು" ಅಂದೆ.
ಓದಿದ.
ಅದು ಆಸೆಲ್ ಅಲ್ಲ.
ಗಂಟಲಿನ ಆಳದಲ್ಲಿ ಏನೋ ಬಿಗಿದು, ಬಿಚ್ಚಿ,
ಹಗ್ಗದ ತುದಿಯ ಕೊಡ ನೀರು ಮುಟ್ಟಿದ ಸದ್ದು,
ಆಮೇಲೆ ಉಳಿದ ಮಾತು.

ನಗಲು ಬಾಯಿ ತೆರೆದ ಜ್ವಾಕಿನ್
ತೆರೆದುಕೊಂಡೇ ಕೂತ.
ತಾನು ತಪ್ಪಿದೆನೆಂದು ಹುಡುಗ ಕತ್ತು ತಗ್ಗಿಸಿದ.
ನಿಯಮದ ಪ್ರಕಾರ ತಪ್ಪೇ.
ಕೆಂಪು ಪೆನ್ನಿಗೆ ಮುಚ್ಚಳ ಹಾಕಿ
"ಇನ್ನೊಂದು ಸಲ" ಅಂದೆ.
ಈ ಸಲ ಇಡೀ ತರಗತಿ ಹೇಳಲು ಹೋಗಿ ಕೆಮ್ಮಿತು.

ಬೋರ್ಡು ಒರೆಸುವ ಸರದಿ ಅವನದು.
ಗ್ರೀಕರ ಜೇನು ಒರೆಸಿದ, ನಾಯಿಯನ್ನು ಒರೆಸಿದ,
ಇನ್ನೊಂದು ಪದದ ಮುಂದೆ ಬಟ್ಟೆ ಹಿಡಿದು ನಿಂತು
ನನ್ನ ಕಡೆ ತಿರುಗಿದ.
ಅದಿರಲಿ, ಅಂದೆ.
ಗಣಿತದ ಮೇಷ್ಟ್ರು ಬಾಗಿಲಲ್ಲಿ ಕಾಯುತ್ತಿದ್ದರು.